ಹದಿನಾಲ್ಕನೇ ಕೊಠಡಿಯ ಬಿಳೀ ಫಿಲ್ಟರ್

ಮಾರ್ಚ್ 3, ಸೋಮವಾರ

ಅಕ್ಕ ಇವತ್ತು ಕೈಮುಗಿದು ಕೇಳಿಕೊಂಡಳು. "ಪುಣ್ಯಾತ್ಮ, ದಿನಾ ಸಂಜೆ ನನ್ನ ತಲೆ ತಿನ್ನೋ ಬದಲು ಅದನ್ನೆಲ್ಲ ಒಂದು ಪುಸ್ತಕದಲ್ಲಿ ಬರಿ. ಪುಸ್ತಕಕ್ಕೆ ಕಿವಿ ನೋಯಲ್ಲ." ಮೂವತ್ತೈದು ವರ್ಷ ನರ್ಸ್ ಆಗಿದ್ದವಳು, ಎಷ್ಟೋ ರೋಗಿಗಳ ನರಳಾಟ ಸಹಿಸಿದವಳು, ಒಡಹುಟ್ಟಿದ ತಮ್ಮನ ನಾಲ್ಕು ಮಾತು ಸಹಿಸಲಾರಳು. ಇರಲಿ. ಬರೆಯುತ್ತೇನೆ.

ಯಾರೂ ಓದದ ಪುಸ್ತಕಕ್ಕೂ ಒಂದು ಪರಿಚಯ ಬೇಕಲ್ಲ. ನಾನು ವಿಶ್ವವಿದ್ಯಾಲಯದ ದುರಸ್ತಿ ವಿಭಾಗದ ಗಾಳಿ ಮೆಕ್ಯಾನಿಕ್. ಕೊಠಡಿಗಳಿಗೆ ಹೊರಗಿನ ಗಾಳಿ ತರುವ ಕೊಳವೆ, ಫ್ಯಾನು, ಫಿಲ್ಟರು ಎಲ್ಲ ನನ್ನ ಸುಪರ್ದಿ. ಮೂವತ್ತೊಂದು ವರ್ಷದ ಸರ್ವಿಸ್ ಪುಸ್ತಕದಲ್ಲಿ ಒಂದೇ ಒಂದು ಕೆಂಪು ಗೀಟು ಇಲ್ಲ. ಇದನ್ನು ನಾನು ಹೇಳಬಾರದು, ಆದರೆ ಬೇರೆ ಯಾರೂ ಹೇಳುವುದಿಲ್ಲ.

ಇವತ್ತಿನ ಸಂಕಟ ಏನೆಂದರೆ, ಎಂಜಿನಿಯರ್ ಸಾಹೇಬರು ಕರೆದು ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ಒಂದು ಡಬ್ಬಿ ಕೊಟ್ಟರು. ಜನ ಉಸಿರು ಬಿಟ್ಟ ಗಾಳಿ ಕೊಠಡಿಯಲ್ಲಿ ಎಷ್ಟು ತುಂಬಿಕೊಂಡಿದೆ ಎಂದು ಅದು ಅಂಕಿಯಲ್ಲಿ ತೋರಿಸುತ್ತದಂತೆ. ಬಯಲಿನಲ್ಲಿ ನಾನೂರ ಚಿಲ್ಲರೆ. ಕೊಠಡಿಯಲ್ಲಿ ಸಾವಿರದೊಳಗಿದ್ದರೆ ಕ್ಷೇಮ. ಅದಕ್ಕಿಂತ ಏರಿದಷ್ಟೂ ತಲೆ ಭಾರ, ಆಕಳಿಕೆ, ನಿದ್ದೆ. ತಿಂಗಳು ಮುಗಿಯುವುದರೊಳಗೆ ಇಪ್ಪತ್ತಾರು ಕೊಠಡಿಯನ್ನೂ ಒಂದೊಂದು ಸಲ ಅಳೆಯಬೇಕು.

"ಮೂವತ್ತೊಂದು ವರ್ಷದಿಂದ ಮೂಗಲ್ಲೇ ಅಳೀತಿದ್ದೀನಿ ಸಾರ್," ಎಂದೆ.

"ನಿಮ್ಮ ಮೂಗಿನ ಮೇಲೆ ನಂಬರ್ ಕಾಣಲ್ಲವಲ್ಲಾ," ಎಂದರು.

ಮಾರ್ಚ್ 5, ಬುಧವಾರ

ಡಬ್ಬಿ ಕೆಟ್ಟಿದೆ. ನನಗೆ ಆಗಲೇ ಗೊತ್ತಿತ್ತು.

ಬೇಕೆಂದೇ ಮೊದಲು ಹದಿನಾಲ್ಕನೇ ಕೊಠಡಿಗೆ ಹೋದೆ, ಏಕೆಂದರೆ ಅದು ನನ್ನ ಚಿನ್ನದಂಥ ಕೊಠಡಿ. ಉಳಿದ ಕಡೆ ಹೊರಗಾಳಿಯ ಫಿಲ್ಟರ್ ಮೂರು ತಿಂಗಳಿಗೆ ಮಸಿಬಟ್ಟೆ ಆಗುತ್ತದೆ. ಇಲ್ಲಿನದು ಹಾಕಿದ ದಿನ ಹೇಗಿತ್ತೋ ಹಾಗೇ ಬೆಳ್ಳಗೆ ಇರುತ್ತದೆ. ಕೆಲಸಕ್ಕೆ ಹೊಸದಾಗಿ ಬಂದವರನ್ನೆಲ್ಲ ಕರೆದುಕೊಂಡು ಹೋಗಿ ತೋರಿಸಿದ್ದೇನೆ: ನೋಡಿ, ಕೊಠಡಿ ಇಟ್ಟುಕೊಂಡರೆ ಹೀಗೆ ಇಟ್ಟುಕೊಳ್ಳಬೇಕು!

ಅಲ್ಲಿ ಮಧ್ಯಾಹ್ನ ಎರಡಕ್ಕೆ ಪಾಚಿ ಮೇಡಂ ಪಾಠ. ಸಸ್ಯಶಾಸ್ತ್ರದ ಪ್ರೊಫೆಸರು, ಗೋಡೆಯ ಮೇಲೆ ಬೆಳೆಯುವ ಪಾಚಿಯೇ ಅವರ ವಿಷಯ, ಹಾಗಾಗಿ ಆ ಹೆಸರು. ಪಾಠಕ್ಕೆ ಹುಡುಗರು ಇಟ್ಟಿರುವ ಹೆಸರು ಜೋಗುಳ. ಹಿಂದಿನ ಸಾಲಲ್ಲಿ ಕೂತು ಡಬ್ಬಿ ತೆರೆದೆ. ಎರಡು ಸಾವಿರದ ಎಂಟುನೂರ ಎಪ್ಪತ್ತು! ಹೊರಗೆ ಓಡಿದೆ, ನಾನೂರಿಪ್ಪತ್ತು. ಒಳಗೆ ಬಂದೆ, ಎರಡು ಸಾವಿರದ ಒಂಬೈನೂರು. ತಲೆಯ ಮೇಲೆ ಎರಡು ಬಿಟ್ಟೆ (ಡಬ್ಬಿಗೆ). ಜಗ್ಗಲಿಲ್ಲ. ಗೋಡೆಯ ಜಾಲರಿಗೆ ಕೈಯೊಡ್ಡಿದರೆ ಗಾಳಿ ಸುಯ್ಯೆಂದು ಬರುತ್ತಿದೆ. ಮತ್ತೆ ಈ ಅಂಕಿ ಎಲ್ಲಿಯದು?

ತೊಂಬತ್ತು ಜನರಲ್ಲಿ ಎಪ್ಪತ್ತು ಜನ ಮಲಗಿದ್ದರು. ಮೂರನೇ ಸಾಲಿನ ದಪ್ಪ ಮೀಸೆಯವನು ತಾಳಬದ್ಧವಾಗಿ ಗೊರಕೆ ಹೊಡೆಯುತ್ತಿದ್ದ. ಮೇಡಂ ಮಾತ್ರ ಬೋರ್ಡಿನ ಮೇಲೆ ಚೆಂದದ ಚಿತ್ರ ಬರೆಯುತ್ತಾ, "ಪಾಚಿಗೆ ಬೇರೇ ಇಲ್ಲ. ಬೇರಿಲ್ಲದೆ ಅದು ಬದುಕೋದು ಹೇಗೆ?" ಎಂದರು. ಉತ್ತರ ಬರುವುದರೊಳಗೆ ನಾನೂ ಮಲಗಿಬಿಟ್ಟಿದ್ದೆ. ಎದ್ದದ್ದು ಗಂಟೆ ಹೊಡೆದಾಗ.

ಬೇರಿಲ್ಲದೆ ಹೇಗೆ ಬದುಕುತ್ತದೆ? ಊಟ ಮಾಡುವಾಗಲೂ ಅದೇ ಯೋಚನೆ. ಸಿಟ್ಟು ಬಂತು.

ಮಾರ್ಚ್ 7, ಶುಕ್ರವಾರ

ಎಲೆಕ್ಟ್ರಿಷಿಯನ್ ಹತ್ತಿರ ಇನ್ನೊಂದು ಡಬ್ಬಿ ಇಸಿದುಕೊಂಡೆ. ಅವನು ಸೂರಿನ ಬಲ್ಬನ್ನು ನಿಂತಲ್ಲಿಂದಲೇ ಬಿಚ್ಚುವಷ್ಟು ಉದ್ದ, ಎಲ್ಲರೂ ಏಣಿ ಅನ್ನುತ್ತೇವೆ. ಡಬ್ಬಿ ಪರೀಕ್ಷೆಗಾಗಿ ಮತ್ತೆ ಹದಿನಾಲ್ಕಕ್ಕೆ ಹೋದೆ. ನಿದ್ದೆ ಬರಬಾರದೆಂದು ಮಧ್ಯಾಹ್ನ ಅರ್ಧ ಊಟ. ಎರಡೂ ಡಬ್ಬಿ ಸೇರಿಕೊಂಡು ಎರಡು ಸಾವಿರದ ಎಂಟುನೂರು ಅಂದವು. ಇಬ್ಬರು ಸಾಕ್ಷಿ ಒಂದೇ ಸುಳ್ಳು ಹೇಳುವುದು ಲೋಕದಲ್ಲಿ ಹೊಸದೇನಲ್ಲ.

ಉತ್ತರ ಸಿಕ್ಕಿತು! ಪಾಚಿ ಮೈಯಿಂದಲೇ ನೀರು ಕುಡಿಯುತ್ತದೆ. ನೀರಿಲ್ಲದಿದ್ದರೆ ಸಾಯುವುದಿಲ್ಲ, ಸುಮ್ಮನೆ ಒಣಗಿ ಕಾಯುತ್ತದೆ. ಮೇಡಂ ವರ್ಷಗಟ್ಟಲೆ ಕಾಗದದ ಪೊಟ್ಟಣದಲ್ಲಿದ್ದ ಕಂದು ಚೂರೊಂದನ್ನು ಕ್ಯಾಮೆರಾದ ಕೆಳಗಿಟ್ಟು ಒಂದು ತೊಟ್ಟು ನೀರು ಬಿಟ್ಟರು. ಪರದೆಯ ಮೇಲೆ ಆ ಚೂರು ಮೈಮುರಿಯಿತು, ಎಲೆ ಬಿಚ್ಚಿತು, ಹಸಿರಾಯಿತು.

"ಅಯ್ಯಯ್ಯೋ!" ಎಂದು ಕೂಗಿಬಿಟ್ಟೆ. ಎದ್ದಿದ್ದವರು ನಾನೂ, ಹಲ್ಲುನೋವಿನಿಂದ ಕೆನ್ನೆ ಹಿಡಿದಿದ್ದ ಒಬ್ಬ ಹುಡುಗಿಯೂ ಅಷ್ಟೇ.

ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಹಿಂದಿನ ಸಾಲಿನವರು ಏನಾದ್ರೂ ಕೇಳಬೇಕಿತ್ತಾ?"

"ಗಾಳಿ ಅಳೀತಿದ್ದೀನಿ ಮೇಡಂ."

"ಅಳೀರಿ ಅಳೀರಿ. ಎಚ್ಚರ ಇರೋರು ಏನು ಬೇಕಾದ್ರೂ ಮಾಡಬಹುದು."

ಮಾರ್ಚ್ 8, ಶನಿವಾರ

ಹಿತ್ತಲ ಗೋಡೆಯಿಂದ ಒಣಪಾಚಿ ಕೆರೆದು ತಂದು ಅಕ್ಕನ ಒಳ್ಳೇ ಸಾಸರಿನಲ್ಲಿಟ್ಟು ನೀರು ಬಿಟ್ಟೆ. ಹಸಿರಾಯಿತು. ಅಕ್ಕನನ್ನು ಕರೆದೆ. ನೋಡಿದಳು. ಇನ್ನೊಂದು ಚೂರು ಮಾಡಿ ಮತ್ತೆ ಕರೆದೆ. ಐದನೇ ಸಲ ಕರೆದಾಗ ನನ್ನ ಹಣೆ ಮುಟ್ಟಿ ಜ್ವರ ನೋಡಿದಳು.

ಮಾರ್ಚ್ 10, ಸೋಮವಾರ

ಹದಿನಾಲ್ಕನೇ ಕೊಠಡಿ, ಮೂರನೇ ಅಳತೆ. ನೀಲಿ ಶರ್ಟು ಹಾಕಿಕೊಂಡು ಹೋದೆ, ಬಿಳಿಯದರಲ್ಲಿ ಧೂಳು ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ. ಎರಡು ಸಾವಿರದ ಒಂಬೈನೂರ ಹತ್ತು.

ಏಣಿ ಕೆಟ್ಟ ಸುದ್ದಿ ಹೇಳಿದ. ಪಾಚಿ ಮೇಡಂ ಸ್ವಯಂನಿವೃತ್ತಿಗೆ ಅರ್ಜಿ ಹಾಕಿದ್ದಾರಂತೆ. ಇಪ್ಪತ್ತೆಂಟನೇ ತಾರೀಕು ಕೊನೆಯ ಪಾಠ. ಅದರ ಹಿಂದಿನ ದಿನದವರೆಗೆ ಅರ್ಜಿ ವಾಪಸ್ ತಗೊಳ್ಳಬಹುದು, ಆದರೆ ತಗೊಳ್ಳುವ ಹೆಂಗಸಲ್ಲವಂತೆ. ಅವರು ಹೋದರೆ ಪಾಚಿ ಪಾಠವೂ ಬಂದ್.

ನನಗೇನು? ನನಗೆ ಏನೂ ಇಲ್ಲ. ರಾತ್ರಿ ಊಟ ಸೇರಲಿಲ್ಲ, ಸೆಖೆ ಇರಬೇಕು.

ಮಾರ್ಚ್ 12, ಬುಧವಾರ

ಪಾಠ ಮುಗಿದ ಮೇಲೆ ಮೇಡಂ ಸಾಲಿನ ನಡುವೆ ನಡೆದು ಬಂದರು, ಮಲಗಿದ್ದವರ ತಲೆ ದಾಟಿ. "ನಿಮ್ಮ ಡಬ್ಬಿ ಏನನ್ನುತ್ತೆ?"

"ಇಲ್ಲಿ ಗಾಳಿ ಸರಿಯಿಲ್ಲ ಅನ್ನುತ್ತೆ ಮೇಡಂ. ಡಬ್ಬಿ ಕೆಟ್ಟಿದೆ."

ಅವರು ನಕ್ಕರು. "ಪಾಪ, ಅದು ನನ್ನ ಪರ ವಕಾಲತ್ತು ಮಾಡ್ತಿದೆ. ಆದ್ರೆ ಕುಣಿಲಾರದವಳು ನೆಲ ಡೊಂಕು ಅಂದಳಂತೆ, ಆ ಜಾತಿಯವಳಲ್ಲ ನಾನು. ಮೊದಲೆಲ್ಲ ಚೆನ್ನಾಗೇ ಪಾಠ ಮಾಡ್ತಿದ್ದೆ. ಹತ್ತು ಹನ್ನೊಂದು ವರ್ಷ ಆಯ್ತು, ಏನೋ ಬತ್ತಿಹೋಯ್ತು. ಮಕ್ಕಳನ್ನ ಮಲಗಿಸೋಕೆ ಪ್ರೊಫೆಸರ್ ಯಾಕೆ ಬೇಕು ಹೇಳಿ."

ನನಗೆ ತಡೆಯಲಾಗಲಿಲ್ಲ. ನಿಮ್ಮ ಪಾಠ ಕೇಳಿ ಮನೆಯ ಸಾಸರೆಲ್ಲ ಪಾಚಿಯಾಗಿದೆ ಎಂದು ಹೇಳಬೇಕೆಂದು ಬಾಯಿ ತೆರೆದರೆ ಬಂದದ್ದು ಬರೀ ಫಿಲ್ಟರ್ ಮಾತು. "ಈ ಕೊಠಡಿ ಫಿಲ್ಟರ್ ಇಡೀ ಕ್ಯಾಂಪಸ್ಸಿಗೇ ಕ್ಲೀನು ಮೇಡಂ. ಹನ್ನೊಂದು ವರ್ಷದಿಂದ ಒಂದು ಚುಕ್ಕೆ ಕೊಳೆ ಇಲ್ಲ!"

"ಹೌದಾ? ನನ್ನ ಹತ್ತಿರಾನೂ ಒಂದು ಜೊತೆ ಕೈಗವಸು ಹಾಗೇ ಇದೆ, ಬೆಳ್ಳಗೆ. ಹಾಕ್ಕೊಳ್ಳೋದೇ ಇಲ್ಲ, ಅದಕ್ಕೆ."

ಬಸ್ ನಿಲ್ದಾಣದ ಹತ್ತಿರ ಬಂದಾಗ ಆ ಮಾತು ನನ್ನ ತಲೆಯಲ್ಲಿ ಬಾಂಬಿನಂತೆ ಸಿಡಿಯಿತು. ಬಸ್ಸು ಬಂತು, ನಿಂತಿತು, ಹೋಯಿತು. ನಾನು ಹತ್ತಲಿಲ್ಲ.

ಮಾರ್ಚ್ 13, ಗುರುವಾರ

ಬೆಳಿಗ್ಗೆ ಏಳಕ್ಕೇ ಹದಿನಾಲ್ಕರ ಸೂರಿನ ಸಂದಿಗೆ ಹತ್ತಿದೆ.

ಹೊರಗಾಳಿಯ ಕೊಳವೆಯೊಳಗೆ ಒಂದು ತಗಡಿನ ಕದ ಇರುತ್ತದೆ, ನಾವು ಡ್ಯಾಂಪರ್ ಅನ್ನುತ್ತೇವೆ. ಹೊರಗಡೆ ಅದಕ್ಕೊಂದು ಹಿಡಿ. ಹಿಡಿ ಕೊಳವೆಯ ಉದ್ದಕ್ಕಿದ್ದರೆ ಕದ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ. ಇಲ್ಲಿ ಹಿಡಿ ನೆಟ್ಟಗೆ ಉದ್ದಕ್ಕಿತ್ತು. ಉಸಿರು ಬಂತು. ಆದರೂ ಅನುಮಾನ ಬಿಡಲಿಲ್ಲ. ಹಿಡಿ ಕೂರುವ ಸರಳಿನ ತುದಿಯಲ್ಲಿ ಒಂದು ಗೀರು ಇರುತ್ತದೆ, ಕದ ನಿಜವಾಗಿ ಯಾವ ಕಡೆಗಿದೆ ಎಂದು ಹೇಳುವುದು ಅದೇ. ಕೆಂಪು ಬಣ್ಣ ತುಂಬಿಕೊಂಡು ಗೀರು ಮುಚ್ಚಿಹೋಗಿತ್ತು. ಉಗುರಿನಿಂದ ಕೆರೆದೆ. ಗೀರು ಅಡ್ಡಕ್ಕಿತ್ತು.

ಬಣ್ಣ ಬಳಿಯಲು ಹಿಡಿ ಬಿಚ್ಚಿದವನು ಯಾರೋ ಅದನ್ನು ತಿರುಗಿಸಿ ಕೂರಿಸಿದ್ದಾನೆ. ಹನ್ನೊಂದು ವರ್ಷದಿಂದ ಕದ ಮುಚ್ಚಿದೆ. ಹೊರಗಿನ ಗಾಳಿ ಒಂದು ಗುಟುಕೂ ಬಂದಿಲ್ಲ, ಅದಕ್ಕೇ ಫಿಲ್ಟರ್ ಬೆಳ್ಳಗಿದೆ. ಜಾಲರಿಯಲ್ಲಿ ಸುಯ್ಯೆನ್ನುತ್ತಿದ್ದದ್ದು ಒಳಗಿನ ಫ್ಯಾನು, ತೊಂಬತ್ತು ಜನರ ಎಂಜಲು ಗಾಳಿಯನ್ನೇ ತಿರುಗಿಸಿ ತಿರುಗಿಸಿ ಬಡಿಸುತ್ತಿತ್ತು.

ಯಾವ ಕತ್ತೆ ಮಾಡಿದ ಕೆಲಸ ಇದು ಎಂದು ಹಿಡಿಗೆ ಕಟ್ಟಿದ್ದ ಚೀಟಿ ತಿರುಗಿಸಿದೆ. ನಮ್ಮಲ್ಲಿ ಯಾವ ಕೆಲಸ ಮಾಡಿದರೂ ಚೀಟಿ ಕಟ್ಟುವ ಪದ್ಧತಿ. "ಬಣ್ಣ ಬಳಿದು ಮರುಜೋಡಿಸಿದೆ. ತೆರೆದಿದೆ. ಪರೀಕ್ಷಿಸಿದೆ." ಕೆಳಗೆ ಸಹಿ.

ಸಹಿ ನನ್ನದು.

ಮಾರ್ಚ್ 15, ಶನಿವಾರ

ನಿನ್ನೆ ಪಾಠಕ್ಕೆ ಹೋಗಲಿಲ್ಲ. ಚೀಟಿ ಜೇಬಿನಲ್ಲಿದೆ. ಅಕ್ಕ ಎರಡು ಸಲ ಜ್ವರ ನೋಡಿದಳು. ತೊಂಬತ್ತೆಂಟೂವರೆ.

ಮಾರ್ಚ್ 17, ಸೋಮವಾರ

ಇವತ್ತು ಬರೆಯಲು ಕೈಯೇ ನಿಲ್ಲುತ್ತಿಲ್ಲ, ಕುಣಿಯುತ್ತಿದೆ!

ಬೆಳಿಗ್ಗೆ ಯಾರಿಗೂ ಹೇಳದೆ ಹತ್ತಿ ಹಿಡಿ ಬಿಚ್ಚಿ, ಕದ ತೆರೆದು, ಸರಿಯಾಗಿ ಕೂರಿಸಿದೆ. ಹೊಸ ಚೀಟಿ ಕಟ್ಟಿದೆ. ಎರಡು ಗಂಟೆಗೆ ಹಿಂದಿನ ಸಾಲಲ್ಲಿ ಕೂತೆ. ಡಬ್ಬಿ ಆರುನೂರ ನಲವತ್ತು ಎಂದಿತು. ಅದಕ್ಕೊಂದು ಮುತ್ತು ಕೊಟ್ಟೆ, ಯಾರೂ ನೋಡಲಿಲ್ಲ.

ಐದು ನಿಮಿಷ ಆಯಿತು, ಯಾರೂ ಮಲಗಲಿಲ್ಲ. ಹತ್ತು ನಿಮಿಷ. ಮೀಸೆಯವನು ಅಭ್ಯಾಸಬಲದಿಂದ ತೋಳಿನ ಮೇಲೆ ತಲೆಯಿಟ್ಟ, ನಿದ್ದೆ ಬರಲಿಲ್ಲ, ಎದ್ದು ಕೂತು ದಿಕ್ಕೆಟ್ಟವನಂತೆ ಬೋರ್ಡು ನೋಡಿದ. ಇಪ್ಪತ್ತೈದನೇ ನಿಮಿಷಕ್ಕೆ ಅವನೇ ಕೈಯೆತ್ತಿದ! "ಮೇಡಂ, ಒಣಗಿದ್ದಾಗ ಪಾಚಿಗೆ ತಾನು ಬದುಕಿದ್ದೀನಿ ಅಂತ ಗೊತ್ತಿರುತ್ತಾ?"

ಮೇಡಂ ಕೈಯಿಂದ ಸೀಮೆಸುಣ್ಣ ಬಿತ್ತು. ಮೂರು ತಿಂಗಳಿಂದ ಗೊರಕೆ ಹೊಡೆದವನು ಮಾತಾಡಿದ್ದಾನೆ! "ಒಳ್ಳೇ ಪ್ರಶ್ನೆ," ಎಂದು ಶುರುಮಾಡಿದವರು ಗಂಟೆ ಹೊಡೆದರೂ ನಿಲ್ಲಿಸಲಿಲ್ಲ, ಒಬ್ಬರೂ ಏಳಲೂ ಇಲ್ಲ. ನಾನು ಚಪ್ಪಾಳೆ ತಟ್ಟಿದೆ. ಎಲ್ಲರೂ ತಿರುಗಿ ನೋಡಿದರು. ಸೊಳ್ಳೆ ಎಂದೆ.

ಮನೆಗೆ ನಡೆದೇ ಬಂದೆ, ನಾಲ್ಕು ಮೈಲಿ. ದಾರಿಯುದ್ದಕ್ಕೂ ಗೋಡೆಗಳ ಮೇಲೆ ಎಷ್ಟು ಪಾಚಿ! ಇಷ್ಟು ದಿನ ಎಲ್ಲಿ ಅಡಗಿತ್ತೋ.

ಮಾರ್ಚ್ 19, ಬುಧವಾರ

ಇವತ್ತೂ ಎಲ್ಲರೂ ಎದ್ದಿದ್ದರು. ಇನ್ನೇನು ಅರ್ಜಿ ವಾಪಸ್ ಎಂದು ಪಾಠ ಮುಗಿದ ಮೇಲೆ ಮೇಡಂ ಕೊಠಡಿಗೆ ಅಭಿನಂದನೆ ಹೇಳಲು ಹೋದೆ. ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು.

"ಎಷ್ಟು ಒಳ್ಳೇ ಮಕ್ಕಳು ನೋಡಿ," ಎಂದರು. "ನಾನು ಹೋಗೋದು ಗೊತ್ತಾಗಿದೆ. ಕೊನೇ ದಿನಗಳಲ್ಲಿ ಈ ಮುದುಕಿ ಮನಸ್ಸು ನೋಯಿಸೋದು ಬೇಡ ಅಂತ ಮಾತಾಡ್ಕೊಂಡು ಎಚ್ಚರ ಇದ್ದಾರೆ. ಇಷ್ಟು ಕರುಣೆ ಸಿಕ್ಕಿದ ಮೇಲೆ ಇಲ್ಲಿ ಉಳಿಯೋದು ಮರ್ಯಾದೆ ಅಲ್ಲ."

ಕರುಣೆಯಂತೆ! ಮೀಸೆಯವನ ಮುಖದಲ್ಲಿ ಕರುಣೆ ಎಲ್ಲಿ ಕಂಡರೋ. "ಅದು ಗಾಳಿ ಮೇಡಂ," ಎಂದೆ. "ಗಾಳಿ ಸರಿಮಾಡಿದೆ..."

"ನೀವೂ ಶುರುಮಾಡಿದ್ರಾ?" ಎಂದು ನಕ್ಕು, ಇನ್ನೊಂದು ಪುಸ್ತಕ ಪೆಟ್ಟಿಗೆಗೆ ಹಾಕಿದರು.

ಜೇಬಿನಲ್ಲಿ ಚೀಟಿ ಇತ್ತು. ಅದನ್ನು ಕೊಟ್ಟಿದ್ದರೆ ನಂಬುತ್ತಿದ್ದರು. ಕೈ ಜೇಬಿಗೆ ಹೋಯಿತು, ಕರವಸ್ತ್ರ ಹಿಡಿದು ವಾಪಸ್ ಬಂತು. ಹೇಡಿ ಕೈ.

ಮಾರ್ಚ್ 20, ಗುರುವಾರ

ಮುಚ್ಚಿದ್ದ ಕದ ತೆರೆದೆ ಎಂದಷ್ಟೇ ವರದಿ ಕೊಟ್ಟಿದ್ದೆ, ಎಂಜಿನಿಯರ್ ಸಾಹೇಬರು ಎಲ್ಲರ ಮುಂದೆ ನನ್ನ ಬೆನ್ನು ತಟ್ಟಿದರು. ಹದಿನಾಲ್ಕನೇ ಕೊಠಡಿಯ ಅಂಕಿಯನ್ನು ಎರಡು ಸಾವಿರದ ಒಂಬೈನೂರರಿಂದ ಆರುನೂರಕ್ಕೆ ಇಳಿಸಿದ ಸಾಧನೆಗೆ ಪ್ರಶಂಸಾಪತ್ರಕ್ಕೆ ಶಿಫಾರಸು ಮಾಡುತ್ತಾರಂತೆ. "ಆದ್ರೆ ಒಂದು ವಿಷಯ. ಉಳಿದ ಇಪ್ಪತ್ತೈದು ಕೊಠಡಿಯಲ್ಲಿ ಒಂಬತ್ತೇ ಅಳತೆ ಆಗಿದೆ. ಈ ಒಂದೇ ಕೊಠಡಿಗೆ ಆರು ಯಾಕೆ?"

"ಕ್ಲಿಷ್ಟವಾದ ಕೊಠಡಿ ಸಾರ್."

ಹೊರಗೆ ಬಂದಾಗ ಏಣಿ, "ಅಲ್ಲ ಗುರು, ಆ ಕದ ಮುಚ್ಚಿದ್ದ ಪುಣ್ಯಾತ್ಮ ಯಾರು?" ಎಂದ. ಸುಮ್ಮನೆ ಕೇಳಿದ್ದು ಅಷ್ಟೇ. "ನನ್ಯಾಕೆ ಕೇಳ್ತೀಯ?" ಎಂದು ಅವನ ಮೇಲೆ ಹಾರಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ.

ಮಾರ್ಚ್ 24, ಸೋಮವಾರ

ಏಳುನೂರ ಹತ್ತು. ಎಲ್ಲರಿಗೂ ಎಚ್ಚರ. ಮೇಡಂ ಮೇಜಿನ ಮೇಲೆ ನಾಲ್ಕನೇ ಪೆಟ್ಟಿಗೆ.

ಮಾರ್ಚ್ 25, ಮಂಗಳವಾರ

ಚಾವಣಿಯ ಮೇಲಿನ ಪಾಚಿ ಕೆರೆಯಲು ಆದೇಶ ಬಂತು. ಪ್ರತಿ ವರ್ಷ ಕೆರೆಯುತ್ತಿದ್ದೆ. ಈ ಸಲ ಸುತ್ತ ನಾಲ್ಕು ಇಟ್ಟಿಗೆಯಿಟ್ಟು "ಮುಟ್ಟಬೇಡಿ, ಪರೀಕ್ಷೆಯಲ್ಲಿದೆ" ಎಂದು ಚೀಟಿ ಕಟ್ಟಿ ಬಂದೆ. ಸುಳ್ಳು ಚೀಟಿ ಕಟ್ಟುವುದು ನನಗೆ ಹೊಸದಲ್ಲವಲ್ಲ.

ಮಾರ್ಚ್ 26, ಬುಧವಾರ

ಅಕ್ಕ ಶರ್ಟು ಒಗೆಯಲು ತೆಗೆದಾಗ ಚೀಟಿ ಸಿಕ್ಕಿತು. ಎಲ್ಲ ಹೇಳಬೇಕಾಯಿತು. ಮೂವತ್ತೊಂದು ವರ್ಷದ ಪುಸ್ತಕ, ಕೆಂಪು ಗೀಟು, ಜನ ಏನನ್ನುತ್ತಾರೆ, ಎಲ್ಲ. ಪೂರ್ತಿ ಕೇಳಿಸಿಕೊಂಡಳು, ಒಂದು ಸಲವೂ ತಲೆನೋವು ಅನ್ನಲಿಲ್ಲ.

"ಆಸ್ಪತ್ರೆಯಲ್ಲಿ ನಾನೊಂದು ಸಲ ತಪ್ಪು ಮಾತ್ರೆ ಕೊಟ್ಟಿದ್ದೆ," ಎಂದಳು. "ಓಡಿ ಹೋಗಿ ಹೇಳ್ದೆ. ರೋಗಿ ಉಳ್ಕೊಂಡ. ಬೈಗುಳ ಒಂದು ವಾರ ಇತ್ತು ಕಣೋ, ಅಷ್ಟೇ. ಆ ಹೆಂಗಸು ಹನ್ನೊಂದು ವರ್ಷದಿಂದ ನಿನ್ನ ತಪ್ಪು ಮಾತ್ರೆ ನುಂಗಿ, ಕಾಯಿಲೆ ತನ್ನದೇ ಅಂದ್ಕೊಂಡಿದ್ದಾಳೆ. ಅರ್ಜಿ ವಾಪಸ್ ತಗೊಳ್ಳೋಕೆ ನಾಳೆ ಕೊನೇ ದಿನ ಅಲ್ವಾ?"

ಹೌದು, ನಾಳೆ.

ಮಾರ್ಚ್ 27, ಗುರುವಾರ

ಹನ್ನೊಂದು ಗಂಟೆಗೆ ಮೇಡಂ ಕೊಠಡಿಗೆ ಹೋದೆ. ಕಪಾಟೆಲ್ಲ ಖಾಲಿ. ಮಾತು ಬರದಿದ್ದರೆ ಇರಲಿ ಎಂದು ಮೊದಲು ಚೀಟಿಯನ್ನೇ ಮೇಜಿನ ಮೇಲಿಟ್ಟೆ. ಆಮೇಲೆ ಹೇಳಿದೆ. ಹಿಡಿ, ಗೀರು, ಬಣ್ಣ, ಬಿಳೀ ಫಿಲ್ಟರು. ಹದಿನೇಳನೇ ತಾರೀಕು ಬೆಳಿಗ್ಗೆ ಕದ ತೆರೆದದ್ದು, ಅದೇ ಮಧ್ಯಾಹ್ನ ಮೀಸೆಯವನು ಕೈಯೆತ್ತಿದ್ದು.

"ನೆಲ ನಿಜವಾಗ್ಲೂ ಡೊಂಕಿತ್ತು ಮೇಡಂ," ಎಂದೆ. "ಡೊಂಕು ಮಾಡಿದವನು ನಾನೇ."

ಅವರು ಚೀಟಿಯ ತಾರೀಕನ್ನು ಬೆರಳಿಟ್ಟು ಓದಿದರು. ಅವರ ಕಿವಿ ಕೆಂಪಾಯಿತು.

"ಹನ್ನೊಂದು ವರ್ಷ. ದಿನಾ ಕನ್ನಡಿ ಮುಂದೆ ನಿಂತು ಪಾಠ ಅಭ್ಯಾಸ ಮಾಡಿದ್ದೀನಿ ರೀ. ನಗೆಹನಿ ಪುಸ್ತಕ ಕೊಂಡು ಬಾಯಿಪಾಠ ಮಾಡಿದ್ದೀನಿ. ದನಿ ಏರಿಸೋಕೆ ಸಂಗೀತದ ಮೇಷ್ಟ್ರ ಹತ್ತಿರ ಹೋಗಿದ್ದೀನಿ. ನನ್ನ ಜನ್ಮದಲ್ಲೇ ಏನೋ ಕೊರತೆ ಅಂದ್ಕೊಂಡಿದ್ದೆ. ನೀವು ನೋಡಿದ್ರೆ ಒಂದು ಹಿಡಿ... ಒಂದು ಹಿಡಿ ತಿರುಗಿಸಿ ಹಾಕಿದ್ದಾ?"

"ಹೌದು ಮೇಡಂ."

"ಹೋಗಿ ಇಲ್ಲಿಂದ."

ಹೋದೆ. ಬಂದವನೇ ಎಂಜಿನಿಯರ್ ಸಾಹೇಬರ ಬುಕ್ಕಿನಲ್ಲೂ ಎಲ್ಲ ಬರೆದು ಸಹಿ ಹಾಕಿದೆ. ಅವರು ಮೂರು ಸಲ ಓದಿ, ನಿಟ್ಟುಸಿರು ಬಿಟ್ಟು, ಪ್ರಶಂಸಾಪತ್ರದ ಶಿಫಾರಸು ಹರಿದು, ನನ್ನ ಸರ್ವಿಸ್ ಪುಸ್ತಕದಲ್ಲಿ ಕೆಂಪು ಗೀಟು ಎಳೆದರು. ಗೀಟು ಸೊಟ್ಟಗಿತ್ತು. ಸ್ಕೇಲು ಇಟ್ಟು ಎಳೆಯಬಹುದಿತ್ತು ಎನ್ನಿಸಿತು, ಅಷ್ಟು ಬಿಟ್ಟರೆ ನನಗೇನೂ ಅನ್ನಿಸಲಿಲ್ಲ.

ಮಾರ್ಚ್ 28, ಶುಕ್ರವಾರ

ಎರಡು ಗಂಟೆಗೆ ಹದಿನಾಲ್ಕರ ಬಾಗಿಲ ಹೊರಗೆ ನಿಂತೆ. ಡಬ್ಬಿ ತಂದಿರಲಿಲ್ಲ. ಒಳಗೆ ಹೋಗುವ ಮುಖವಿರಲಿಲ್ಲ, ಕೊನೆಯ ಪಾಠ ಬಿಡುವ ಮನಸ್ಸೂ ಇರಲಿಲ್ಲ. ಬಾಗಿಲಿಗೆ ಕಿವಿಯಿಟ್ಟೆ.

ಬಾಗಿಲು ತಟ್ಟನೆ ತೆರೆಯಿತು. ನಾನು ಕಿವಿಯ ಸಮೇತ ಒಳಗೆ ಬಿದ್ದೆ. ತೊಂಬತ್ತು ಜನ ಗೊಳ್ಳೆಂದು ನಕ್ಕರು. ಎಲ್ಲರೂ ಎದ್ದಿದ್ದರು ಎನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಡ.

"ಬನ್ನಿ," ಎಂದರು ಮೇಡಂ. ಮುಖ ಗಂಟು. "ನಿಮಗೆ ಶಿಕ್ಷೆ ಏನು ಅಂತ ರಾತ್ರಿಯೆಲ್ಲ ಯೋಚನೆ ಮಾಡ್ದೆ. ಹನ್ನೊಂದು ವರ್ಷದ ಪಾಠ ಹಾಳು ಮಾಡಿದ್ದೀರಿ. ಎಲ್ಲಾ ಮೊದಲಿಂದ ಕೇಳ್ಬೇಕು. ಮುಂದಿನ ಸಾಲಲ್ಲಿ ಕೂತು. ಡಬ್ಬಿ ತರಕೂಡದು. ಆಕಳಿಸಕೂಡದು."

"ಎಷ್ಟು ದಿನ ಮೇಡಂ?"

"ನಾನು ನಿವೃತ್ತಿ ಆಗೋವರೆಗೂ. ಇನ್ನೂ ಒಂಬತ್ತು ವರ್ಷ ಇದೆ."

ಅರ್ಥವಾಗಲು ನನಗೆ ಎರಡು ಕ್ಷಣ ಬೇಕಾಯಿತು. ಮೀಸೆಯವನು ನನಗಿಂತ ಮೊದಲೇ ಅರ್ಥಮಾಡಿಕೊಂಡು ಶಿಳ್ಳೆ ಹೊಡೆದ.

"ನನಗೆ ಆರೇ ವರ್ಷ ಸರ್ವಿಸ್ ಉಳಿದಿರೋದು ಮೇಡಂ," ಎಂದೆ.

"ಉಳಿದ ಮೂರು ವರ್ಷ ಮನೆಯಿಂದ ಬನ್ನಿ," ಎಂದು ಬೋರ್ಡಿನ ಕಡೆ ತಿರುಗಿದರು. ತಿರುಗುವಾಗ ನಕ್ಕರು. ಮುಂದಿನ ಸಾಲಿನಿಂದ ಅದು ಚೆನ್ನಾಗಿ ಕಾಣುತ್ತದೆ.

ಸಂಜೆ ಅಕ್ಕನಿಗೆ ಹೇಳಿದೆ. ನಕ್ಕೂ ನಕ್ಕೂ ಕೆಮ್ಮು ಹತ್ತಿ ನೀರು ಕುಡಿಯಬೇಕಾಯಿತು ಅವಳಿಗೆ. ತಮ್ಮನಿಗೆ ಒಂಬತ್ತು ವರ್ಷ ಶಿಕ್ಷೆಯಾಗಿದೆ, ಇವಳಿಗೆ ನಗು! ಇದರಲ್ಲಿ ನಗುವಂಥದ್ದು ಏನಿದೆಯೋ ನನಗಂತೂ ಗೊತ್ತಾಗಲಿಲ್ಲ.

ಸೋಮವಾರಕ್ಕೆ ನೀಲಿ ಶರ್ಟು ಇಸ್ತ್ರಿ ಆಗಬೇಕು. ಈಗಲೇ ನೀರು ಚಿಮುಕಿಸಿ ಇಟ್ಟಿದ್ದೇನೆ.